ಎತ್ತರದವರ ಚಿತ್ರ

ತಣ್ಣಗಿದೆ, ಇದೇನು ಇಷ್ಟು ತಣ್ಣಗೆ, ಕಾಗದದ ಫೋಟೋ ಆಗಿದ್ದರೆ ಇಷ್ಟು ಹೊತ್ತಿಗೆ ಕೈಯ ಬೆವರಿಗೆ ಮೆತ್ತಗಾಗಿರುತ್ತಿತ್ತು, ಇದು ಲೋಹದ ಹಾಳೆ, ಕಪ್ಪು ಬಿಳುಪು ಚಿತ್ರವನ್ನು ಅದರ ಮೈಯೊಳಗೇ ಇಳಿಸಿಬಿಟ್ಟಿದ್ದಾರೆ, ಬೆವರು ಇದಕ್ಕೆ ಏನೂ ಮಾಡದು, ಜಾರಿಸುತ್ತದೆ ಅಷ್ಟೇ. ಜಾರುವ ಮಾತು ತಲೆಗೆ ಬಂದದ್ದೇ ತಡ ಸ್ಟೂಲಿನ ಕಾಲು ನೆಲಕ್ಕೆ ಟಕ್ ಎಂದಿತು, ಕೆಳಗಿನಿಂದ ಮಗಳು, ಅಪ್ಪಾ ಅಲ್ಲಾಡ್ಬೇಡ, ಹಿಡ್ಕೊಂಡಿದ್ದೀನಿ. ಎರಡು ಮೆಟ್ಟಿಲಿನ ಅಡುಗೆಮನೆ ಸ್ಟೂಲು, ಹೆಂಡತಿ ಮೇಲಿನ ಕಪಾಟಿನ ಡಬ್ಬ ತೆಗೆಯಲು ಹತ್ತುವಂಥದ್ದು, ಅದರ ಮೇಲೆ ನಿಂತಿರುವವನು ಹಗ್ಗಕ್ಕೆ ಕಟ್ಟಿದ ಹಲಗೆಯಲ್ಲಿ ಇಳಿದು ದೊಡ್ಡ ದೊಡ್ಡ ಕಟ್ಟಡಗಳ ಗಾಜು ಒರೆಸುವವನು, ಜೊತೆಯವರ ಬಾಯಲ್ಲಿ ಹಲ್ಲಿ, ಹಲ್ಲಿ ಎಲ್ಲೋ ಅಂದರೆ ಇನ್ನೆಲ್ಲಿ, ಗೋಡೆ ಮೇಲೆ, ಊಟದ ಹೊತ್ತಿಗೆ ದಿನವೂ ಅದೇ ನಗು, ಈಗ ಬಂದು ನೋಡಲಿ ತಮ್ಮ ಹಲ್ಲಿಯನ್ನು, ಬಾಲ ಬಿದ್ದುಹೋದ ಹಲ್ಲಿಯನ್ನು — ಬೇಡ, ಬೀಳುವ ಮಾತು ಬೇಡ, ಮೊಳೆ ನೋಡು, ಗೋಡೆ ನೋಡು, ಗೋಡೆ ಬೆಳ್ಳಗಿದೆ, ಒತ್ತಿ ಹಿಡಿದ ಅಂಗೈಯ ಹಾಗೆ ಬೆಳ್ಳಗೆ — ಅದೂ ಬೇಡ.

ಬಾಡಿಗೆಗೆ ಬಂದಾಗ ಹಾಲ್‌ನ ಗೋಡೆಗಳು ಬೋಳಾಗಿದ್ದವು, ಹೆಂಡತಿಗೆ ಅದೇ ಒಂದು ಕೊರಗು, ಹಳೆಯ ಕಾಲದ ಫೋಟೋಗಳನ್ನು ಲೋಹದ ಮೇಲೆ ಅಚ್ಚು ಹಾಕಿಕೊಡುವ ಅಂಗಡಿ ಅವಳ ಕಣ್ಣಿಗೆ ಬಿದ್ದಿದ್ದೇ ಬಿದ್ದಿದ್ದು, ಹೊಗೆ ತುಂಬಿದ ರೈಲು ನಿಲ್ದಾಣ ಊಟದ ಮೇಜಿನ ಬಳಿ ಬಂತು, ಹಡಗಿನ ಕಟಕಟೆಗೆ ಆತುಕೊಂಡ ಟೋಪಿಗಳ ಗುಂಪು ಬಾಗಿಲ ಪಕ್ಕ ಬಂತು, ಅವೆರಡನ್ನೂ ಅಮ್ಮ ಮಗಳೇ ನೇತುಹಾಕಿದರು, ಮೂರನೆಯದನ್ನು ಮಾತ್ರ ಬಟ್ಟೆ ಸುತ್ತಿ ಅಡಗಿಸಿಟ್ಟು ಇವತ್ತು ಭಾನುವಾರ ಬೆಳಿಗ್ಗೆ ಕಾಫಿ ಲೋಟದ ಜೊತೆ ಅವನ ಮುಂದೆ ತಂದಿಟ್ಟಳು. ಯಾವುದೋ ಕಾಲದ ಯಾವುದೋ ಸೇತುವೆ, ಅದರ ದಪ್ಪ ತಂತಿಯ ಮೇಲೆ ಕೆಲಸಗಾರರು ಸಂತೆಗೆ ಹೊರಟವರ ಹಾಗೆ ಸಾಲಾಗಿ ನಡೆಯುತ್ತಿದ್ದಾರೆ, ಕೊನೆಯವನು ತಿರುಗಿ ಕ್ಯಾಮರಾಕ್ಕೆ ನಗುತ್ತಿದ್ದಾನೆ, ಕೆಳಗೆ ಹೊಳೆ ಒಂದು ಗೆರೆಯಷ್ಟು. ಅಂಗಡೀಲಿ ಕಂಡ ತಕ್ಷಣ ನೀವೇ ಕಣ್ಮುಂದೆ ಬಂದ್ರಿ ಕಣ್ರೀ, ಬಂದೋರಿಗೆಲ್ಲ ತೋರಿಸ್ತೀನಿ, ನಮ್ಮನೆಯವರ ಕೆಲಸಾನೂ ಇಂಥದ್ದೇ ಅಂತ. ಚೆನ್ನಾಗಿದೆ ಎಂದ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನೀರಿನ ಸದ್ದಿನಲ್ಲಿ ಸುಮ್ಮನೆ ಕೂತ, ಹೊರಗೆ ಬಂದರೆ ಸ್ಟೂಲು ಸೋಫಾದ ಹಿಂದೆ ಸಿದ್ಧವಾಗಿತ್ತು, ಎತ್ತರದವರನ್ನ ಎತ್ತರದವರೇ ಹಾಕ್ಬೇಕು ಎಂದು ಅವಳು ನಗುತ್ತಿದ್ದಳು, ಅವನು ಹಾಳೆ ಎತ್ತಿಕೊಂಡು ಹತ್ತಿದ.

ಇನ್ನೊಂಚೂರು ಮೇಲೆ, ಅಲ್ಲ ಎಡಕ್ಕೆ, ಅವಳು ಹಿಂದೆ ನಿಂತು ಕಣ್ಣಳತೆ ನೋಡುತ್ತಿದ್ದಾಳೆ, ಮೇಲಕ್ಕೆ ಎಂದರೆ ಹಿಮ್ಮಡಿ ಎತ್ತಬೇಕು, ಹಿಮ್ಮಡಿ ಏಳುತ್ತಿಲ್ಲ, ಹಿಂದಿನ ಕಿಟಕಿಯ ಬೆಳಕು ಲೋಹದ ಮೇಲೆ ಬಿದ್ದು ಚಿತ್ರದ ಆಕಾಶದಲ್ಲಿ ಅವನ ಮುಖವೇ ಮೂಡಿದೆ, ತಂತಿಯ ಮೇಲಲ್ಲ, ತಂತಿಯ ಕೆಳಗೆ, ಕಾಲಿಗೆ ಏನೂ ಇಲ್ಲದ ಕಡೆ. ಆವತ್ತೂ ಹೀಗೇ ಮೊದಲು ಕಂಡದ್ದು ತನ್ನ ಮುಖವೇ, ಗಾಜಿನಲ್ಲಿ, ಹಲಗೆಯ ಒಂದು ಕಡೆ ಇದ್ದಕ್ಕಿದ್ದಂತೆ ಕಳಚಿ ಸೋಪುನೀರಿನ ಬಕೆಟ್ಟು ಹೋಯಿತು, ಅದು ನೆಲ ಮುಟ್ಟಿದ ಸದ್ದಿಗೆ ಕಾದ, ಗಾಳಿ ಬಿಟ್ಟರೆ ಬೇರೇನೂ ಕೇಳಲಿಲ್ಲ, ಸೊಂಟದ ಪಟ್ಟಿ ಪಕ್ಕೆಲುಬಿಗೆ ಕಚ್ಚಿಕೊಂಡು ಅವನು ಹಗ್ಗದ ತುದಿಯಲ್ಲಿ ತಿರುಗುತ್ತಿದ್ದಾನೆ, ಬೀದಿ, ಆಕಾಶ, ಗಾಜು, ಬೀದಿ, ಆಕಾಶ, ಗಾಜು, ಆ ಗಾಜಿನೊಳಗೆ ತನ್ನ ಮುಖದ ಹಿಂದೆ ಇನ್ನೊಂದು ಮುಖ, ಕಚೇರಿಯ ಮೇಜಿನಿಂದ ಎದ್ದು ಓಡಿಬಂದ ಹೆಂಗಸು, ತೆರೆಯಲು ಬಾರದ ಕಿಟಕಿ, ಆಕೆ ಕಿರುಚಿದ್ದೂ ಕೇಳಿಸದು, ಏನು ಮಾಡಲೂ ತೋಚದೆ ಆಕೆ ಅವನ ಎದೆಗೆ ನೇರವಾಗಿ ಗಾಜಿನ ಮೇಲೆ ಅಂಗೈ ಊರಿದಳು, ಒತ್ತಿ ಒತ್ತಿ ರಕ್ತ ಸರಿದು ಬೆಳ್ಳಗಾದ ಅಂಗೈ, ಗೆರೆಗಳೆಲ್ಲ ಎಣಿಸುವಷ್ಟು ಹತ್ತಿರ. ಜೊತೆಯವರು ಮೇಲಕ್ಕೆ ಎಳೆದುಕೊಂಡ ಮೇಲೆ ಮೇಸ್ತ್ರಿ ನೀರು ಕುಡಿಸಿ, ಬಿದ್ರೂ ಗೋಡೆ ಬಿಡಲ್ಲ ನೋಡ್ರೋ ನಮ್ಮ ಹಲ್ಲಿ ಎಂದ, ಎಲ್ಲರೂ ನಕ್ಕರು, ಅವನೂ ನಕ್ಕ. ಮನೆಗೆ ಬಂದು, ಹಲಗೆ ಇಳಿಸುವ ಯಂತ್ರ ಕೆಟ್ಟಿದೆ, ಸ್ವಲ್ಪ ದಿನ ರಜೆ ಎಂದ, ಆ ಸುಳ್ಳಿಗೂ ಕೊನೆ ಬಂತು, ನಿನ್ನೆ ಮೇಸ್ತ್ರಿಯ ಫೋನು, ಸೋಮವಾರದಿಂದ ಬಂದ್ಬಿಡು ಮಾರಾಯ, ಅದೇ ಕಟ್ಟಡ, ಮಿಕ್ಕ ಗಾಜು ಹಾಗೇ ಇದೆ.

ಏನದು ಸದ್ದು, ಟರಟರ ಟರಟರ, ಗೋಡೆಯೊಳಗೆ ಏನೋ ಹುಳ ಸೇರಿಕೊಂಡ ಹಾಗೆ, ಅಲ್ಲ, ಹಾಳೆ, ಹಾಳೆಯ ಅಂಚು ಮೊಳೆಗೆ ಬಡಿಯುತ್ತಿದೆ, ಕೈಯ ನಡುಕವನ್ನೆಲ್ಲ ಈ ಹಾಳು ಲೋಹ ಮನೆಗೇ ಕೇಳಿಸುವಂತೆ ಡಂಗುರ ಹೊಡೆಯುತ್ತಿದೆ. ಏನ್ರೀ ಆಟ ಇದು, ಎಂದಳು, ಆಮೇಲೆ ಅವಳ ದನಿ ಬದಲಾಯಿತು, ರೀ. ಇಳಿಸು, ಎಂದ ಅವನು. ಚಿತ್ರಾನಾ. ನನ್ನನ್ನ.

ಅವಳು ನಗಲಿಲ್ಲ, ಹಾಳೆಯನ್ನು ಅವನ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡು ಮುಖ ಗೋಡೆಗೆ ಮಾಡಿ ಒರಗಿಸಿದಳು, ಬಂದು ಅವನ ಸೊಂಟ ಅಪ್ಪಿ ಹಿಡಿದಳು, ಮಗಳು ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಈ ಕಾಲು ಮೊದಲು ಅಪ್ಪಾ, ಇಲ್ಲಿಡು, ಇಲ್ಲಿ, ನೆಲ ಬಂತು. ನೆಲ ಬಂದರೂ ಅವನಿಗೆ ನಂಬಿಕೆ ಬರಲಿಲ್ಲ, ಅಲ್ಲೇ ಕುಸಿದು ಕೂತು ಎರಡೂ ಕೈ ನೆಲಕ್ಕೆ ಊರಿದ, ಹೇಳಿದ, ಹಗ್ಗ, ಹಲಗೆ, ಬಕೆಟ್ಟು, ಮೇಸ್ತ್ರಿಯ ಫೋನು, ವಾಂತಿಯ ಹಾಗೆ ಒಮ್ಮೆ ಹೊರಗೆ ಬಂದರೆ ಹಗುರಾಗುತ್ತದೆ ಅಂದುಕೊಂಡಿದ್ದ, ಹಗುರಾಗಲಿಲ್ಲ, ಹೆದರಿಕೆ ಅವನಿಂದ ಹೊರಟು ಹೆಂಡತಿಯ ಮುಖಕ್ಕೂ ಹತ್ತಿತು ಅಷ್ಟೇ. ನಾಳೆ ಹೋಗೋದು ಬೇಡ, ಎಂದಳು, ನಾನೇ ಮೇಸ್ತ್ರಿಗೆ ಹೇಳ್ತೀನಿ, ಅವನ ಬೆನ್ನು ಸವರುತ್ತಾ ಮೆಲ್ಲಗೆ, ಆಮೇಲೆ, ಆಮೇಲೆ ಹೇಗೆ ಮೇಲೆ ಬಂದ್ರಿ. ಎಳೆದುಕೊಂಡರು, ಅಷ್ಟೇ ತಾನೇ, ಅಷ್ಟು ಹೇಳಿದರೆ ಮುಗಿಯಿತು, ಬಾಯಿ ತೆರೆದ, ಮತ್ತೆ ಅದೇ ಹಗ್ಗದ ತುದಿ, ಯಾರೂ ಎಳೆಯುತ್ತಿಲ್ಲ, ಬೀದಿ, ಆಕಾಶ, ಗಾಜು — ಗಾಜಿನ ಆಚೆ, ಎದೆಗೆ ನೇರವಾಗಿ, ಆ ಬಿಳಿ ಅಂಗೈ