ಕೊಳಾಯಿ ಪಕ್ಕದ ಮೀನು

ಭಾನುವಾರ ಬಂತೆಂದರೆ ತೊರಿಬಿಯೊ ಗಡಿ ಕಾಯುವ ಸಿಪಾಯಿಯೇ ಸರಿ. ಪಯೇಯ ಎಂಬ ಅನ್ನದಡುಗೆಯ ಅಗಲ ಬಾಣಲೆ ಮೇಜಿನ ನಡುವೆ ಬಂದು ಕೂತಮೇಲೆ ತಟ್ಟೆಗಿಟ್ಟೆ ಏನೂ ಇಲ್ಲ. ಮರದ ಚಮಚ ಹಿಡಿದು ಅವರವರ ಎದುರಿನ ಪಾಲನ್ನು ಅವರವರೇ ತಿನ್ನಬೇಕು, ಪಕ್ಕದವರ ಪಾಲಿಗೆ ಚಮಚ ಹಾಕುವಂತಿಲ್ಲ. ತಳ ಹಿಡಿದ ಗರಿಗರಿ ಸೀಕಲಿನ ಮಾತಂತೂ ಎತ್ತಲೇಬೇಡಿ. ಅದರಲ್ಲಿ ಒಂದು ಚೂರನ್ನೂ ಅವನು ಹೆತ್ತ ಮಗಳಿಗೂ ಕೊಟ್ಟವನಲ್ಲ.

ಅಮ್ಮನಿಂದ ಕಲಿತ ಈ ಪದ್ಧತಿಯನ್ನು ಸಮೋರಾ ಊರಿನ ಆ ಮನೆಗೆ ತಂದವಳು ಅವನ ಹೆಂಡತಿ ವಿಸೆಂತಾ. ಹುಟ್ಟಿದ್ದು ವಲೆನ್ಸಿಯಾದಲ್ಲಿ, ಅಪ್ಪ ತೀರಿಕೊಂಡಮೇಲೆ ಅಮ್ಮ ಅವಳನ್ನು ಎತ್ತಿಕೊಂಡು ಸಮೋರಾದ ತವರು ಸೇರಿದ್ದಳು. ಅಪ್ಪ ಟೈಲ್ಸ್ ಕೂರಿಸುವವನು. ಕಂಡವರ ಮನೆ ಕೆಲಸದಲ್ಲಿ ಉಳಿದ ಟೈಲುಗಳನ್ನು ತಂದು ತನ್ನ ಅಡುಗೆಮನೆ ಗೋಡೆಗೆ ಹಚ್ಚಿದ್ದ. ಹೂಜಿ, ನಿಂಬೆಹಣ್ಣು, ಕೊಳಾಯಿ ಪಕ್ಕದಲ್ಲೊಂದು ನೀಲಿ ಮೀನು. ಆ ಮೀನಿನ ಟೈಲನ್ನು ಪುಟ್ಟ ವಿಸೆಂತಾ ತಲೆಕೆಳಗಾಗಿ ಹಿಡಿದು ಕೊಟ್ಟಳಂತೆ; ಅಪ್ಪ ನಕ್ಕು, ನೀನು ಕೊಟ್ಟ ಹಾಗೇ ಇರಲಿ ಎಂದು ಹೊಟ್ಟೆ ಮೇಲಾಗಿಯೇ ಕೂರಿಸಿಬಿಟ್ಟನಂತೆ.

ಇದನ್ನು ಅವಳು ಹೇಳಿದಾಗಲೆಲ್ಲ ಮನೆಯವರಿಗೆ ನಗು. ಅಷ್ಟು ಚಿಕ್ಕ ಮಗುವಿಗೆ ನೆನಪಿರುವುದುಂಟೇ, ಅವಳಮ್ಮನಿಗೇ ಇರಲಿಲ್ಲವಲ್ಲ ಅನ್ನುವರು. ಕೊನೆಗೆ ಆ ಮನೆಯಲ್ಲಿ ಯಾರು ಬುರುಡೆ ಬಿಟ್ಟರೂ, ಓಹೋ ತಲೆಕೆಳಗಾದ ಮೀನು ಬಂತು, ಎಂದು ತೊರಿಬಿಯೊ ಶುರುಮಾಡುವನು. ವಿಸೆಂತಾಳೂ ಜೊತೆಗೆ ನಗುವಳು. ಆದರೆ ಅಪ್ಪನದು ಅಂತ ಅವಳಿಗೆ ಉಳಿದಿದ್ದು ಅದೊಂದೇ ನೆನಪು. ಅದೂ ಸುಳ್ಳಾದರೆ ಅವಳಿಗೆ ಅಪ್ಪನೇ ಇರಲಿಲ್ಲ ಅಂದಹಾಗೆ.

ಈ ವಸಂತದಲ್ಲಿ ರಜೆಗೆ ವಲೆನ್ಸಿಯಾಕ್ಕೆ ಹೋಗೋಣವೆಂದು ಅವಳೇ ಹಟ ಹಿಡಿದಳು. ತೊರಿಬಿಯೊ ಹೊರಟಿದ್ದು ಊಟದ ಆಸೆಗೆ. ದೊಡ್ಡ ಮಾರುಕಟ್ಟೆಯ ಗುಮ್ಮಟದಡಿ ಈಲು ಮೀನಿನ ಸಾರು ಹೊಡೆದ, ಓರ್ಚಾತ ಎಂಬ ತಣ್ಣನೆಯ ಬಿಳಿ ಪಾನಕದಲ್ಲಿ ಬನ್ನು ಅದ್ದಿ ಮೀಸೆಗೆಲ್ಲ ಬಳಿದುಕೊಂಡ. ವಿಸೆಂತಾಳಿಗೆ ಮಾತ್ರ ಕಾಲು ನಿಲ್ಲದು. ರೇಷ್ಮೆ ವರ್ತಕರ ಹಳೇ ಮಂಟಪದ ತಿರುಚಿದ ಕಂಬಗಳನ್ನು ಸವರಿದಳು, ಕ್ವಾರ್ತ್ ಬಾಗಿಲ ಗೋಪುರದಲ್ಲಿ ಫಿರಂಗಿ ಗುಂಡು ಕೊರೆದ ಗುಳಿಗಳಿಗೆ ಬೆರಳಿಟ್ಟು ನೋಡಿದಳು, ತೆರೆದ ಬಾಗಿಲು ಕಂಡರೆ ಸಾಕು ಇಣುಕಿದಳು. ಕಾರ್ಮೆನ್ ಪೇಟೆಯ ಓಣಿಗಳಲ್ಲಿ ಗೋಡೆತುಂಬ ಚಿತ್ರ. ಮುಸುಕಿನ ಕಳ್ಳರು, ಹಾರುವ ಬೆಕ್ಕುಗಳು. ಒಂದೊಂದರ ಮುಂದೆಯೂ ನಿಂತು, ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಎಂದು ಗಂಡನ ತಲೆ ತಿಂದಳು.

ಹುಟ್ಟಿದ ಮನೆಯ ಓಣಿಗೆ ಬಂದರೆ ಮನೆಯೇ ಇಲ್ಲ. ಅದನ್ನು ಕೆಡವಿದ ಬಯಲಿನಲ್ಲಿ ಕಾರುಗಳು ನಿಂತಿದ್ದವು. ಪಕ್ಕದ ಮನೆಯ ಬೋಳು ಗೋಡೆಯ ಮೇಲೆ, ಬಿದ್ದುಹೋದ ಮನೆಯ ಮೆಟ್ಟಿಲಿನ ಗುರುತು, ಕೋಣೆಗಳ ಗುಲಾಬಿ ಸುಣ್ಣ, ಎತ್ತರದಲ್ಲಿ ಧೂಳು ಮೆತ್ತಿದ ಒಂದಿಷ್ಟು ಟೈಲು ಹಾಗೇ ಉಳಿದಿದ್ದವು. ಅದರ ಪಕ್ಕ ಮೇಲೆತ್ತುವ ಯಂತ್ರದ ತೊಟ್ಟಿಲಲ್ಲಿ ನಿಂತು, ರೊಸೆರ್ ಎಂಬ ಹುಡುಗಿ ಗೋಡೆಯಗಲ ಚಿತ್ರಕ್ಕೆಂದು ಬಿಳಿ ಬಣ್ಣ ಬಳಿಯುತ್ತ ಬರುತ್ತಿದ್ದಳು. ಇನ್ನು ಮಾರುದ್ದ ಸರಿದರೆ ಟೈಲುಗಳೂ ಬಿಳಿ.

"ಸ್ವಲ್ಪ ತಡಿಯಮ್ಮಾ, ಅದು ನಮ್ಮ ಅಡುಗೆಮನೆ" ಅಂದಳು ವಿಸೆಂತಾ.

ರೊಸೆರ್ ತೊಟ್ಟಿಲು ಇಳಿಸಿ ಕಥೆ ಕೇಳಿದಳು. ಟೈಲಿನ ಮೇಲೆ ಧೂಳು ಬಿಟ್ಟರೆ ಏನೂ ಕಾಣ್ತಿಲ್ಲ, ಬೇಕಾದರೆ ಒರೆಸಿ ನೋಡೋಣ, ಒಬ್ಬರು ಬನ್ನಿ ಎಂದಳು. ವಿಸೆಂತಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಹೊಟ್ಟೆ ಕೆಳಗಿದ್ದರೆ? ಮೀನೇ ಇಲ್ಲದಿದ್ದರೆ? ಅವಳು ಗಂಡನ ಕಡೆ ತಿರುಗಿದಳು.

"ನೀನೇ ಹೋಗು. ನಂಬದೆ ಇರೋನು ನೀನಲ್ವಾ."

"ಮೀನು ಈಜಿ ಹೋಗಿದ್ರೆ ನನ್ನನ್ನ ಬೈಬೇಡ ಮಾರಾಯ್ತಿ" ಅಂದು ತೊರಿಬಿಯೊ ಹಲ್ಲುಕಿರಿಯುತ್ತ ಹತ್ತಿದ.

ಮೇಲೆ ಹೋಗಿ ಕರವಸ್ತ್ರಕ್ಕೆ ಉಗುಳು ಹಚ್ಚಿ, ತುಂಡಾದ ಕೊಳಾಯಿಯ ಪಕ್ಕ ಉಜ್ಜಿದ. ಇನ್ನೂ ಉಜ್ಜಿದ. ಆಮೇಲೆ ಕೈ ನಿಲ್ಲಿಸಿದ. ಏನಾಯಿತೆಂದು ವಿಸೆಂತಾ ಕೆಳಗಿನಿಂದ ಕೇಳಿದಳು. ರೊಸೆರಳೇ ಬಗ್ಗಿ ಕೂಗಿ ಹೇಳಿದಳು:

"ಹೊಟ್ಟೆ ಮೇಲಾಗಿದೆ ಅಜ್ಜೀ. ನಾನು ಇದಕ್ಕೆ ಬಣ್ಣ ಹಚ್ಚಲ್ಲ, ಸುತ್ತಲೂ ನೀರು ಬರೀತೀನಿ."

ಆಮೇಲೆ ವಿಸೆಂತಾಳೂ ಮೇಲೆ ಹೋಗಿ, ಅಪ್ಪ ಒತ್ತಿ ಕೂರಿಸಿದ ಜಾಗದಲ್ಲಿ ಅಂಗೈಯಿಟ್ಟು ಸಾಕಾಗುವಷ್ಟು ಅತ್ತು ಇಳಿದಳು.

ಮಧ್ಯಾಹ್ನ ಮೂಲೆಯ ಹೋಟೆಲಿನಲ್ಲಿ ಮೊಲ, ಹುರುಳಿಕಾಯಿ ಹಾಕಿದ ಪಯೇಯ ಬಂತು. ಇಬ್ಬರೂ ಅಂಚಿನಿಂದ ತಿನ್ನುತ್ತ ನಡುವಿನ ಕಡೆ ಬಂದರು. ತೊರಿಬಿಯೊ ತನ್ನ ಪಾಲಿನ ಸೀಕಲನ್ನೆಲ್ಲ ಕೆರೆದು ಒಟ್ಟುಮಾಡಿದ. ಆಮೇಲೆ ಚಮಚದಿಂದ ಮೆಲ್ಲಗೆ ತಳ್ಳಿ, ಗಡಿ ದಾಟಿಸಿ, ಅವಳ ಮುಂದಿಟ್ಟ.

"ತಿನ್ನು" ಅಂದ, ತಲೆ ಎತ್ತದೆ. "ನಿಮ್ಮಪ್ಪನ ಬಗ್ಗೆ ಇನ್ನೂ ಏನೇನು ನೆನಪಿದೆ, ಹೇಳು."