ಮುಟ್ಟಿದ ಕುದುರೆ

ಟಿಕ್ — ಮತ್ತೆ ಅದೇ ಸದ್ದು, ನಲ್ಲಿಯಲ್ಲ, ಈ ಲಾಡ್ಜಿನ ನಲ್ಲಿ ಸೋರುವ ರೀತಿಯೇ ಬೇರೆ, ಇದು ಪಕ್ಕದ ಹಾಸಿಗೆಯಿಂದ, ಹೊದಿಕೆಯೊಳಗೆ ಮಗಳು ಅಂಗೈಯಗಲದ ಚದುರಂಗದ ಹಲಗೆಯ ಮೇಲೆ ಕಾಯಿ ಇಡುತ್ತಿದ್ದಾಳೆ, ಕತ್ತಲಲ್ಲೇ, ಮಲಗೇ ಪುಟ್ಟಿ ಎನ್ನಬೇಕು, ಎನ್ನಲಾರೆ, ಎಂದರೆ ಸದ್ದು ನಿಂತುಹೋದೀತು, ಏಳು ತಿಂಗಳಾದ ಮೇಲೆ ನಾನಿರುವ ಕೋಣೆಯಲ್ಲಿ ಅವಳ ಸದ್ದು. ಸೋತ್ರೆ ಇವತ್ತೇ ಬಂದು ಕರ್ಕೊಂಡು ಹೋಗ್ತೀನಿ, ಗೆದ್ರೆ ಇನ್ನೊಂದಿನ ನಿನ್ನ ಹತ್ರಾನೇ ಇರ್ಲಿ ಬಿಡು, ಅವಳಪ್ಪ ಫೋನಿನಲ್ಲಿ, ಧಾರಾಳವಾಗಿ, ಅಂಗಡಿಯವನು ಕೊಸರು ಹಾಕುವ ಹಾಗೆ, ಆ ಕೊಸರಿಗಾಗಿಯೇ ಬೆಳಿಗ್ಗೆ ಪಂದ್ಯದ ಸಭಾಂಗಣದಲ್ಲಿ ನಾನು ಹಗ್ಗದ ಈಚೆ ಪೋಷಕರ ಕುರ್ಚಿಯಲ್ಲಿ ಕೂತು ಕೈಚೀಲದ ಹಿಡಿಯನ್ನು ಹಿಂಡುತ್ತಾ, ಗೆಲ್ಲಲಿ, ಗೆಲ್ಲಲಿ — ಎದುರಾಳಿ ಎರಡು ಜಡೆಯ ಹುಡುಗಿ, ಪ್ರತಿ ನಡೆಯನ್ನೂ ತಲೆ ತಗ್ಗಿಸಿ ದುಂಡಗೆ ಬರೆದುಕೊಳ್ಳುತ್ತಾಳೆ, ಹಾಗೆ ತಗ್ಗಿಸಿದಾಗಲೇ ನನ್ನವಳ ಕೈ ಕುದುರೆಯನ್ನು ಎತ್ತಿತು, ಒಂದು ಬೆರಳಷ್ಟು, ಅದು ಕದಲಿದರೆ ಹಿಂದಿನ ರಾಣಿ ಹೋಗುತ್ತಾಳೆಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು, ಮೆಲ್ಲನೆ ಅದೇ ಮನೆಯಲ್ಲಿಟ್ಟು ಆನೆಯನ್ನು ಸರಿಸಿದಳು.

ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಕಲಿಸಿದವಳೇ ನಾನು, ಅವಳಿಗಾಗ ಐದು ವರ್ಷ, ಅಡುಗೆಮನೆಯ ಮೇಜು, ಅಮ್ಮಾ ಇದೊಂದ್ಸಲ ಬಿಟ್ಬಿಡಮ್ಮ, ಊಹೂಂ, ಮುಟ್ಟಿದ್ಮೇಲೆ ಮುಗೀತು ಕಣೇ, ಮೂಗೊರೆಸಿಕೊಂಡು ಅದನ್ನೇ ನಡೆಸುತ್ತಿದ್ದಳು ಪಾಪ. ತೀರ್ಪುಗಾರರು ಆಚೆ ಸಾಲಿನಲ್ಲಿದ್ದರು, ಬೇರೆ ಯಾರೂ ನೋಡಲಿಲ್ಲ, ಮಗಳು ತಲೆಯೆತ್ತಿ ನನ್ನತ್ತ ನೋಡಿದಳು, ಬಂದಾಗಿನಿಂದ ಮೊದಲ ಸಲ ನೇರವಾಗಿ, ಎಷ್ಟು ಕಾದಿದ್ದೆ ಆ ನೋಟಕ್ಕೆ, ಅದು ಬಂದಾಗ ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಇವಳು ಗೆದ್ದ ಮೇಲೆ ಆ ಹುಡುಗಿಯ ಅಜ್ಜ, ನಿಮ್ಮ ಮಗಳು ಭಾರಿ ಗಟ್ಟಿ ಕಣಮ್ಮ, ನಮ್ಮವಳು ಬರೀ ಅಕ್ಷರ ದುಂಡಗೆ ಬರೀತಾಳೆ ಅಷ್ಟೇ, ಎಂದು ನಕ್ಕರು, ನಾನೂ ನಕ್ಕೆ, ಹಲ್ಲು ಕಿರಿದೆ ಎನ್ನುವುದೇ ಸರಿ, ಅಜ್ಜನ ಕೋಟಿನೊಳಗೆ ಆ ಮಗು ಮುಖ ಹುದುಗಿಸಿಕೊಂಡಿತ್ತು —

ಟಿಕ್. ಅಮ್ಮಾ, ಎದ್ದಿದ್ದೀಯಾ? ಹೂಂ. ನಿಂಗೆ ಕಾಣಿಸ್ತಲ್ವಾ, ಬೆಳಿಗ್ಗೆ? ಏನು ಪುಟ್ಟಿ? ... ಏನಿಲ್ಲ ಬಿಡು. ಹೊದಿಕೆ ಸರಿದಾಡುತ್ತದೆ, ಬೆನ್ನು ನನ್ನ ಕಡೆಗೆ. ಹಾಗೇಕೆ ಮಾಡಿದೆ ಕಂದಾ, ಆಟಕ್ಕೋ, ನನ್ನ ಜೊತೆ ಇನ್ನೊಂದು ರಾತ್ರಿಗೋ, ಅದೊಂದನ್ನು ಕೇಳಿಬಿಟ್ಟರೆ, ಆದರೆ ಕೇಳಿದರೆ ಕಂಡದ್ದನ್ನು ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ತೀರ್ಪುಗಾರರು, ಅವಳಪ್ಪ, ಬಸ್ಸು, ಬೇಡ, ಯಾರಿಗೂ ಹೇಳುವುದಿಲ್ಲ, ಆ ಅಜ್ಜನಿಗೂ, ಇವಳಿಗೂ, ಇವಳಿಗಂತೂ ಇಲ್ಲವೇ ಇಲ್ಲ — ಕೈ ಚಾಚಿದರೆ ಸಿಗುವ ಬೆನ್ನು, ಚಾಚುತ್ತೇನೆ, ಮುಟ್ಟಲಾರೆ, ಕತ್ತಲಲ್ಲಿ ಕುದುರೆ, ಒಂದು ಬೆರಳಷ್ಟು ಮೇಲೆ, ಇನ್ನೂ ಇಳಿದಿಲ್ಲ