ಸೆರಗಿನ ಮರೆಯ ತುತ್ತು

“ನಿಮ್ಮನೆ ಮಕ್ಕಳು ಉಣ್ಣೋವಾಗ ನಾನು ಕಣ್ಣೆತ್ತಿ ನೋಡಲ್ಲ ಅಜ್ಜಿ, ನನ್ನ ಮಗನಾಣೆ” ಎಂದು ಹೇಮಲತಾ ರುಕ್ಮವ್ವನಿಗೆ ಮಾತು ಕೊಟ್ಟು ವರ್ಷಗಳೇ ಉರುಳಿದ್ದವು.

ಆಗ ಅವಳು ಪಟ್ಟಂದೂರು ಅಗ್ರಹಾರಕ್ಕೆ ಹೊಸ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯ ಗಂಜಿ ಕೂಡ ಇಳಿದಿರಲಿಲ್ಲ. ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಸಾಲಿನಲ್ಲಿ ರುಕ್ಮವ್ವನ ಮೊಮ್ಮಗಳು ಭಾಗ್ಯಶ್ರೀ ಬೇಳೆಯಲ್ಲಿ ನೆನೆದ ರೊಟ್ಟಿಯನ್ನು ಎರಡೂ ಕೈಯಲ್ಲಿ ಬಾಚಿ ತಿನ್ನುತ್ತಿದ್ದಳು. “ಅಬ್ಬಾ, ಎಷ್ಟ್ ಚೆನ್ನಾಗಿ ತಿಂತಾಳೆ!” ಎಂದು ಹೇಮಲತಾಳ ಬಾಯಿಂದ ಬಂದುಬಿಟ್ಟಿತು. ಅವತ್ತು ರಾತ್ರಿಯೇ ಹುಡುಗಿಗೆ ವಾಂತಿ, ಭೇದಿ. ಅದು ನೀರಿನ ಡ್ರಮ್ಮಿನ ತಪ್ಪು, ಕಣ್ಣಿನದಲ್ಲ ಎಂದು ಎಷ್ಟು ಹೇಳಿದರೂ ಮುದುಕಿ ಮತ್ತೆ ಬಾಗಿಲು ತೆರೆಯಲಿಲ್ಲ. ಲಸಿಕೆಯ ದಿನ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ಹೇಮಲತಾ ತನ್ನ ಮಗ ಲಿಖಿತನ ಮೇಲೆ ಆಣೆ ಇಟ್ಟಳು. ಬಾಗಿಲು ತೆರೆಯಿತು. ಅಂದಿನಿಂದ ಆ ಶೆಡ್ಡಿನೊಳಗೆ ತಟ್ಟೆ ಕಂಡರೆ ಸಾಕು, ಅವಳು ಮುಖ ತಿರುಗಿಸಿ ನಿಲ್ಲುತ್ತಿದ್ದಳು.

ಈಗ ಭಾಗ್ಯಶ್ರೀ ಸುರಪುರದ ಕಡೆ ಅಮ್ಮನ ತವರಿನಲ್ಲಿ ಶಾಲೆಗೆ ಹೋಗುತ್ತಾಳೆ. ರುಕ್ಮವ್ವನ ತೊಡೆಯ ಮೇಲಿರುವವನು ಅವಳ ತಮ್ಮ ಸಿದ್ರಾಮ. ನಡೆದಾಡುವ ವಯಸ್ಸು. ಆದರೆ ಭೇದಿಯ ಮೇಲೆ ಭೇದಿ ಆಗಿ ಕೂಸು ಸೊರಗಿ, ಕೂತಲ್ಲೇ ಕೂರುವಂತಾಗಿತ್ತು. ತೋಳಿಗೆ ಸುತ್ತಿ ಅಳೆಯುವ ಪಟ್ಟಿ ಹಸಿರೂ ಅಲ್ಲ, ಹಳದಿಯೂ ಅಲ್ಲ, ಅಪಾಯದ ಕೆಂಪು ತೋರಿಸಿತ್ತು.

ಜ್ವರವಿಲ್ಲ, ಪಾದದಲ್ಲಿ ಬಾವು ಇಲ್ಲ. ಹಾಗಾಗಿ ಒಂದೇ ಒಂದು ಪರೀಕ್ಷೆ ಉಳಿದಿತ್ತು. ಶೇಂಗಾ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿಸಿ ಅರೆದ ಔಷಧದ ಪೊಟ್ಟಣವನ್ನು ಕೂಸು ತಾನಾಗಿಯೇ ಆಸೆಪಟ್ಟು ತಿನ್ನಬೇಕು. ತಿಂದರೆ ಒಳಗಿನ ಹಸಿವು ಬದುಕಿದೆ ಎಂದರ್ಥ, ಮನೆಯಲ್ಲೇ ಇಟ್ಟುಕೊಂಡು ಚೇತರಿಸಬಹುದು. ತಿನ್ನದಿದ್ದರೆ ಒಳಗೇನೋ ಕೆಟ್ಟಿದೆ, ಅವತ್ತೇ ಆಸ್ಪತ್ರೆಗೆ ಸೇರಿಸಬೇಕು. ಮೊಲೆ ಬಿಡದ ಕೂಸು, ತಾಯಿ ಮಹಾನಂದಾ ಜೊತೆಗಿರಲೇಬೇಕು. ಅವಳು ಕೆಲಸಕ್ಕೆ ಇಳಿಯದಿದ್ದರೆ ಶೆಡ್ಡು ಹೋಯಿತು. ಗಂಡ ಹೆಂಡತಿ ಜೋಡಿಯಾಗಿ ದುಡಿಯುವವರಿಗಷ್ಟೇ ತಗಡಿನ ನೆರಳು ಎನ್ನುವುದು ಕಾಂಟ್ರಾಕ್ಟರನ ಕಾನೂನು.

ಹಿಂದಿನ ದಿನ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್, ಡಾಕ್ಟರ್, ಸಾಲಿನಲ್ಲಿ ಕೂತ ಹತ್ತಾರು ಜನ ಎಲ್ಲರೂ ನೋಡುತ್ತಿರುವಾಗ ಸಿದ್ರಾಮ ಬಾಯಿಗೆ ಬೀಗ ಹಾಕಿಕೊಂಡಿದ್ದ. ರುಕ್ಮವ್ವ ಅಲ್ಲಿಯೇ ಸಿಡಿದಿದ್ದಳು: “ಇಷ್ಟ್ ಮಂದಿ ಕಣ್ಣ್ ಬಿಟ್ಕೊಂಡ್ ನೋಡಿದ್ರ ದೇವ್ರ ಆದ್ರೂ ಉಣ್ಣಂಗಿಲ್ಲ, ಕೂಸೇನ್ ಉಣ್ತೈತಿ?”

“ನಾಳೆ ಬೆಳಗ್ಗೆ ಮನೇಲೇ ಒಂದ್ಸಲ ನೋಡ್ತೀನಿ ಸಿಸ್ಟರ್, ಪ್ಲೀಸ್” ಎಂದು ಹೇಮಲತಾ ಗೋಗರೆದಿದ್ದಳು.

“ನೀನೇ ಕಣ್ಣಾರೆ ನೋಡ್ಬೇಕು. ಅವ್ರು ಹೇಳಿದ್ದು ನಂಗೆ ಬೇಡ. ಗಾಡಿ ಕಳಿಸ್ತೀನಿ. ತಿನ್ಲಿಲ್ಲ ಅಂದ್ರೆ ಅದ್ರಲ್ಲೇ ಕರ್ಕೊಂಡ್ ಬಾ.”

ಅಂತೂ ಬೆಳಗಾಯಿತು. ಕಾಂಕ್ರೀಟ್ ಲಾರಿಗಳು ವೈಟ್‌ಫೀಲ್ಡ್ ರಸ್ತೆಯ ಜಾಮಿನಲ್ಲಿ ಸಿಕ್ಕಿಕೊಂಡು ಕೆಲಸ ನಿಂತಿತ್ತು. ಇಡೀ ಸಾಲೇ ಹೊರಗಿತ್ತು. ಹೇಮಲತಾ ಚೀಲದಿಂದ ಪೊಟ್ಟಣ ತೆಗೆದದ್ದೇ ತಡ, ಸುದ್ದಿ ಕೊನೆಯ ಶೆಡ್ಡಿನವರೆಗೂ ಓಡಿತು. ಬಾರ್ ಬಗ್ಗಿಸುವವರು, ಗಾರೆಯವರು, ಬಕೆಟ್ ಹಿಡಿದು ನೀರಿಗೆ ನಿಂತ ಹೆಂಗಸರು, ಎಲ್ಲರೂ ಬಂದು ಗುಂಪು ಕಟ್ಟಿದರು.

ರುಕ್ಮವ್ವ ಹೊಸ್ತಿಲಲ್ಲಿ ಕೂತು, ಕೂಸನ್ನು ತೊಡೆಗೆಳೆದುಕೊಂಡು, ಕೈಯೆತ್ತಿ ಅಬ್ಬರಿಸಿದಳು. “ಎಲ್ಲಾರೂ ಹೊಳ್ಳಿ ನಿಂದರ್ರಿ! ಒಬ್ಬರ ಕಣ್ಣ್ ನನ್ನ ಕೂಸಿನ ಮ್ಯಾಲ ಬಿದ್ರ ನೋಡ್ರಿ ಮತ್ತ!”

ಜನ ಬೆನ್ನು ತಿರುಗಿಸಿದರು. ಮೇಸ್ತ್ರಿ ಕೊಟ್ರಪ್ಪನೂ ತಿರುಗಿದ. ಅವನ ಹೆಲ್ಮೆಟ್ಟೂ ತಿರುಗಿತು.

“ಅಜ್ಜಿ, ನಾನು ನೋಡ್ಲೇಬೇಕು ಕಣಜ್ಜಿ” ಎಂದಳು ಹೇಮಲತಾ.

“ಮಗನ ಆಣಿ ಮಾಡೀಯಲ್ಲಬೇ? ಮರ್ತಿ ಏನು?”

ಹೇಮಲತಾ ಮರೆತಿರಲಿಲ್ಲ. ಕಣ್ಣು ತಾಕುತ್ತದೆ ಎಂಬುದನ್ನು ಅವಳು ನಂಬುವವಳಲ್ಲ. ಆದರೆ ಹೆತ್ತ ಮಗನ ಹೆಸರಿನಲ್ಲಿ ಆಡಿದ ಮಾತಿಗೆ ನಂಬಿಕೆಯ ಹಂಗಿಲ್ಲ, ಅದು ಕರುಳಿಗೇ ಗಂಟು ಬಿದ್ದಿರುತ್ತದೆ. ಬೆಳಗ್ಗೆ ಲಿಖಿತನಿಗೆ ಟಿಫನ್ ಡಬ್ಬಿ ಕೊಟ್ಟು ಬಸ್ಸು ಹತ್ತಿಸಿ ಬಂದಿದ್ದಳು. ರಸ್ತೆ ದಾಟುತ್ತಿರುತ್ತಾನೇನೋ. ಅವಳೂ ತಿರುಗಿ ನಿಂತಳು.

ಹಿಂದೆ ಪೊಟ್ಟಣ ಹರಿದ ಸದ್ದು. ಸೆರಗು ಎಳೆದ ಸರಸರ. ಶೇಂಗಾದ ಘಮ.

“ಅಜ್ಜಿ, ಸ್ಕೋರ್ ಹೇಳ್ರಿ!” ಕೊಟ್ರಪ್ಪ ಕೂಗಿದ.

“ನಿನ್ನ ಬಾಯಾಗ ಸಿಮೆಂಟ್ ಹಾಕ! ಸುಮ್ನ ನಿಂದ್ರೋ!”

ಗುಂಪು ಕಿಸಕ್ಕೆಂದಿತು. ಯಾರೋ ಶ್‌ ಶ್‌ ಎಂದರು. ಎಲ್ಲರ ಬೆನ್ನಿಗೂ ಕಿವಿ ಮೂಡಿದ ಹಾಗಿತ್ತು.

“ಬಾಯಿ ತೆಗೆದ್ನೇನತ್ತಿ?” ಗೋಡೆಗೆ ಮುಖ ಒತ್ತಿ ನಿಂತ ಮಹಾನಂದಾ ಕೇಳಿದಳು.

“ತಡೀ. ಬೆರಳಿಗೆ ಹಚ್ಕೊಂಡೀನಿ. ಮೂಸಿ ನೋಡಾಕತ್ತಾನ.”

“ಮೂಸಿದ್ನಂತೆ!” ಮುಂದಿನವರು ಹಿಂದಿನವರಿಗೆ ದಾಟಿಸಿದರು. “ಮೂಸಿದ, ಮೂಸಿದ!”

“ಮಾರಿ ತಿರುಗಿಸಿದ.”

“ಛೇ!”

ರಸ್ತೆಯ ತುದಿಯಿಂದ ಆರೋಗ್ಯ ಕೇಂದ್ರದ ಗಾಡಿಯ ಹಾರನ್ ಕೇಳಿಸಿತು. ಮಹಾನಂದಾ ಅತ್ತಲೂ ನೋಡಲಾರದೆ ಇತ್ತಲೂ ನೋಡಲಾರದೆ ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡಳು.

ಆಗಲೇ ಸೆರಗಿನೊಳಗಿಂದ ರುಕ್ಮವ್ವನ ದನಿ ಜಿಗಿಯಿತು. “ತಿಂದ! ನೆಕ್ಕಿದ! ಮತ್ತೊಮ್ಮಿ ತಿಂದ!”

“ಹೋಯ್!” ಕೊಟ್ರಪ್ಪ ಹೆಲ್ಮೆಟ್ ಗಾಳಿಗೆಸೆದು ಹಿಡಿದ. ಯಾರೋ ತಗಡಿನ ಗೋಡೆಗೆ ಧಡಧಡ ಬಡಿದರು. ಮಹಾನಂದಾ ಕುಸಿದು ಕೂತು ನಗುತ್ತಾ ಅಳತೊಡಗಿದಳು.

ಹೇಮಲತಾಳಿಗೂ ಕುಣಿಯುವಷ್ಟು ಖುಷಿಯಾಯಿತು. ಫೋನು ತೆಗೆದು ಸಿಸ್ಟರಿಗೆ ಹೇಳಬೇಕು ಎನ್ನುವಷ್ಟರಲ್ಲಿ ಕೈ ನಿಂತಿತು.

ಸದ್ದು. ಚಪ್, ಚಪ್. ನಾಲಿಗೆಯನ್ನು ಅಂಗುಳಕ್ಕೊತ್ತಿ, ಬೊಚ್ಚು ಬಾಯಿ ಚಪ್ಪರಿಸುವ ಸದ್ದು. ಈ ಹೊಸ್ತಿಲ ಮುಂದೆ ಮುಖ ತಿರುಗಿಸಿ ನಿಂತು ನಿಂತು ಅವಳಿಗೆ ಆ ಸದ್ದು ಚಿರಪರಿಚಿತ. ರುಕ್ಮವ್ವ ಎಲೆಯಡಿಕೆ ಜಗಿಯುವುದು ಹಾಗೆಯೇ. ಕೂಸಿನ ಬಾಯಿಗೆ ಅಷ್ಟು ಕಸುವೆಲ್ಲಿಂದ ಬರಬೇಕು?

“ತಿನ್ನಾಕತ್ತಾನ್ರೀ! ಗಾಡಿ ಹೊಳ್ಳಿ ಕಳಿಸ್ರಿ ಅಕ್ಕಾರ!” ಎಂದಳು ರುಕ್ಮವ್ವ. ಮಾತು ಅಂಟು ಅಂಟಾಗಿ ಬಂತು.

ಸುತ್ತಲೂ ಜನ ಕುಣಿಯುತ್ತಿದ್ದರು. ‘ತಿಂದ’ ಎಂದು ಹೇಳಿ ಗಾಡಿ ತಿರುಗಿಸಿದರೆ ಎಲ್ಲರಿಗೂ ಹಬ್ಬ. ಮಹಾನಂದಾಳ ಕೆಲಸ ಉಳಿಯಿತು, ಶೆಡ್ಡು ಉಳಿಯಿತು, ಇವಳ ಆಣೆಯೂ ಉಳಿಯಿತು. ಮತ್ತೆ ಸಿದ್ರಾಮ?

ಹೇಮಲತಾ ಗಿರಕ್ಕನೆ ತಿರುಗಿ, ಎರಡು ಹೆಜ್ಜೆಗೆ ಹೊಸ್ತಿಲು ಮುಟ್ಟಿ, ಸೆರಗು ಎತ್ತಿಬಿಟ್ಟಳು.

ಪೊಟ್ಟಣದ ಮೂತಿ ರುಕ್ಮವ್ವನ ತುಟಿಗಳ ನಡುವಿತ್ತು. ಗಲ್ಲದ ಮೇಲೆಲ್ಲ ಶೇಂಗಾ. ಕೂಸಿನ ಬಾಯಿ ತೊಳೆದಿಟ್ಟಂತೆ ಚೊಕ್ಕವಾಗಿತ್ತು. ಮುದುಕಿಯ ಕಣ್ಣು ಸಿಕ್ಕಿಬಿದ್ದ ಕಳ್ಳನ ಕಣ್ಣಾಯಿತು, ಮರುಗಳಿಗೆಯೇ ಬೆಂಕಿಯಾಯಿತು. ಬಾಯ್ತುಂಬ ಪೇಸ್ಟು, ಬೈಯಲಾರಳು. ಕೈಯಾಡಿಸಿ ‘ಹೋಗು, ತಿರುಗು’ ಎಂದು ಸನ್ನೆ ಮಾಡಿದಳು.

ಹೇಮಲತಾ ಕದಲಲಿಲ್ಲ. ಏಕೆಂದರೆ ಸಿದ್ರಾಮ ಇಬ್ಬರನ್ನೂ ನೋಡುತ್ತಿರಲಿಲ್ಲ. ಅವನ ನೋಟ ಅಜ್ಜಿಯ ಅಲ್ಲಾಡುವ ಬಾಯಿಗೆ ನೆಟ್ಟಿತ್ತು. ತನಗೆ ಕೊಡದೆ ಒಬ್ಬಳೇ ಏನು ತಿನ್ನುತ್ತಿದ್ದಾಳೆ ಇವಳು? ಕಡ್ಡಿಯಂಥ ಕೈ ಮೇಲೆದ್ದಿತು. ಅರ್ಧ ದಾರಿಯಲ್ಲಿ ಸೋತು ಇಳಿಯಿತು. ಮತ್ತೆ ಎದ್ದಿತು. ಅಜ್ಜಿಯ ಗಲ್ಲ ಮುಟ್ಟಿತು, ತುಟಿ ಮುಟ್ಟಿತು, ಪೊಟ್ಟಣ ಹಿಡಿಯಿತು, ಎಳೆಯಿತು.

ಎಳೆದದ್ದು ನೇರ ಬಾಯಿಗೆ ಹೋಯಿತು.

ಒಂದು ಸಲ ಚೀಪಿದ. ಹುಬ್ಬು ಗಂಟಿಕ್ಕಿ ಯೋಚಿಸಿದ. ಆಮೇಲೆ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಪೊಟ್ಟಣ ಹಿಚುಕಿ, ಮೂಗಿಗೆ, ಕೆನ್ನೆಗೆ, ಎಲ್ಲೆಂದರಲ್ಲಿ ಮೆತ್ತಿಕೊಂಡು ಚೀಪತೊಡಗಿದ. ರುಕ್ಮವ್ವ ಮೂತಿ ಸರಿಮಾಡೋಣವೆಂದು ಕೈಯಿಟ್ಟರೆ ಕೀಂ ಎಂದು ಕಿರುಚಿ ಕಿತ್ತುಕೊಂಡ.

“ಕಿರಿಚಿದ್ನಲ್ಲೇ!” ಗೋಡೆಯ ಬಳಿಯಿಂದ ಮಹಾನಂದಾ ಚೀರಿದಳು. “ಯಾಕ್ರೀ ಅಕ್ಕಾರ, ಏನಾತ್ರೀ?”

“ಅಜ್ಜಿ ಕೈಯಿಂದ ಕಿತ್ಕೊಂಡ್ ತಿಂತಿದಾನೆ ಕಣ್ರೀ! ಕಿತ್ಕೊಂಡು!” ಹೇಮಲತಾಳ ಗಂಟಲು ಹರಿಯುವ ಹಾಗೆ ಕೂಗು ಹೊರಟಿತು. “ಜಗಳ ಆಡ್ಕೊಂಡ್ ತಿಂತಿದಾನೆ!”

“ಆಗ್ಲೇ ತಿಂದ ಅಂದ್ರಲ್ಲ ಅಜ್ಜಿ?” ಕೊಟ್ರಪ್ಪನ ಬೆನ್ನು ಕೇಳಿತು.

“ಅದು ಪ್ರಾಕ್ಟೀಸ್ ಮ್ಯಾಚು!” ಎಂದಳು ಹೇಮಲತಾ.

ಇನ್ನು ಯಾರ ಬೆನ್ನು ನಿಂತೀತು? ಇಡೀ ಸಾಲು ಒಟ್ಟಿಗೇ ತಿರುಗಿತು. ನಗು, ಸಿಳ್ಳೆ, ತಗಡಿನ ಬಡಿತ. ಮಹಾನಂದಾ ಜನರನ್ನು ಸೀಳಿಕೊಂಡು ಬಂದು ಮೊಣಕಾಲೂರಿ ಕೂತಳು. ಮಗನನ್ನು ಮುಟ್ಟಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಕೈ ಗಾಳಿಯಲ್ಲೇ ಹಿಡಿದಳು. ಅಷ್ಟೂ ಕಣ್ಣುಗಳ ನಡುವೆ ಸಿದ್ರಾಮ ಒಬ್ಬನೇ ಯಾರಿಗೂ ಸೊಪ್ಪು ಹಾಕದೆ ಪೊಟ್ಟಣದ ಮೂಲೆ ಮೂಲೆ ಹಿಂಡುತ್ತಿದ್ದ. ಮುಗಿದಾಗ ಖಾಲಿ ಪೊಟ್ಟಣ ನೆಲಕ್ಕೆ ಬಡಿದು ಅತ್ತ. ಇನ್ನೂ ಬೇಕು ಎನ್ನುವ ಅಳು ಅದು. ಎಷ್ಟೋ ದಿನದಿಂದ ಆ ಶೆಡ್ಡಿನಲ್ಲಿ ಅಂಥ ಗಟ್ಟಿ ಅಳು ಕೇಳಿರಲಿಲ್ಲ.

ಹೇಮಲತಾ ಓಡಿದಳು. ಗಾಡಿಯ ಡ್ರೈವರ್ ಗಾಜು ಇಳಿಸಿದ. “ಏನ್ ಮೇಡಂ, ಕರ್ಕೊಂಡ್ ಬನ್ನಿ, ಲೇಟಾಯ್ತು.”

“ಯಾರೂ ಬರಲ್ಲಣ್ಣ, ನೀವು ಹೋಗಿ! ಸಿಸ್ಟರಿಗೆ ಹೇಳಿ, ನಾನೇ ಕಣ್ಣಾರೆ ನೋಡ್ದೆ ಅಂತ!”

ಏದುಸಿರು ಬಿಡುತ್ತ ವಾಪಸು ಬಂದಾಗ ರುಕ್ಮವ್ವ ಸೆರಗಿನಿಂದ ಗಲ್ಲ ಒರೆಸಿಕೊಳ್ಳುತ್ತಿದ್ದಳು. ನಗೆ ಬಂದರೂ ನಗದ ಮುಖ.

“ವಾರಕ್ಕೆ ಆಗೋಷ್ಟು ಪೊಟ್ಟಣ ಕೊಟ್ಟು ಹೋಗ್ತೀನಿ. ನೀವು ತಿನ್ನಂಗಿಲ್ಲ ಅಜ್ಜಿ, ಈಗ್ಲೇ ಹೇಳ್ತಿದೀನಿ” ಎಂದಳು ಹೇಮಲತಾ.

“ರುಚಿ ಅದಾವ್ ಬಿಡು” ಎಂದಳು ರುಕ್ಮವ್ವ. ಆಮೇಲೆ ದನಿ ತಗ್ಗಿಸಿ, “ನೋಡಿಬಿಟ್ಟಿ ಹೌದಿಲ್ಲೋ?” ಎಂದಳು.

“ನೋಡ್ದೆ ಅಜ್ಜಿ. ಪೂರ್ತಿ ನೋಡ್ದೆ.”

ಮಗನ ಮೇಲೆ ಆಣೆಯಿಟ್ಟು ಕೊಟ್ಟ ಮಾತನ್ನು ಹೇಮಲತಾ ಮುರಿದಿದ್ದಳು.